ಎರಡನೇ ಕಂಟ್ರೋಲರ್‌ನ ಹೊಸ ಗುಂಡಿ

"ಕೇಳ್ರಪ್ಪೋ ಕೇಳಿ. ರಾಜಕುಮಾರಿ ಬಾಚಲೆಯವರಿಗೆ ಗೇಮ್ ಆಡೋದಕ್ಕೆ ಹೊಸ ಟಿವಿ ಆರಿಸಿ ಕೂರಿಸಬೇಕು. ಬಂದವರು ಮೊದಲು ಅವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಕೇಳಿದ್ದನ್ನ ಮಹಾರಾಜರು ಕೊಡ್ತಾರೆ. ತಪ್ಪಿದವರ ತಲೆ ಹುಣ್ಣಿಮೆ ದಿನ ಕೋಟೆ ಬಾಗಿಲಿಗೆ ತೂಗುತ್ತೆ. ಇದು ಮಹಾರಾಜರ ಅಪ್ಪಣೆ."

ಮುಗಿಲಕೋಟೆಯ ಬೀದಿಯಲ್ಲಿ ಈ ಡಂಗುರ ಕೇಳಿದಾಗ ಮಾಳಿಂಗ ಯಾರದೋ ಮನೆಯ ಗೋಡೆ ಕೊರೆಯುತ್ತಿದ್ದ. ಮನೆಮನೆಗೆ ಹೋಗಿ ಟಿವಿ ಕೂರಿಸುವುದು ಅವನ ಕಸುಬು. ಚಿತ್ರ ಚೆನ್ನಾಗಿ ಮೂಡಿತೆಂದರೆ ಮನೆಮಂದಿಯೆಲ್ಲ ಅದರ ಮುಂದೆ ಕೂತುಬಿಡುತ್ತಿದ್ದರು. ಇವನು ಉದುರಿದ ಸುಣ್ಣ ಗುಡಿಸಿ, ಚೀಲ ಹೆಗಲಿಗೇರಿಸಿ ಹೊರಬೀಳುತ್ತಿದ್ದ. ಹತ್ತು ವರ್ಷದಲ್ಲಿ ಒಬ್ಬರೂ ಅವನಿಗೆ "ನೀನೂ ಕೂತ್ಕೋ" ಅಂದಿರಲಿಲ್ಲ. ಹಿಂದಿಲ್ಲ ಮುಂದಿಲ್ಲ, ತಲೆ ಹೋದರೆ ಅಳುವವರೂ ಇಲ್ಲ. ಅದನ್ನೇ ಧೈರ್ಯ ಅಂದುಕೊಂಡು ಅರಮನೆಗೆ ನಡೆದ.

ಸಭೆಯಲ್ಲಿ ಮೂರು ಟಿವಿ ಸಾಲಾಗಿ ನಿಂತಿದ್ದವು, ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ರಾಜಕುಮಾರಿಯ ಮುಂದೆ ಗೇಮ್ ಆಡುವ ಕನ್ಸೋಲ್, ಎರಡು ಕಂಟ್ರೋಲರ್. ಇವನಿಗಿಂತ ಮೊದಲು ಇಬ್ಬರು ಸರದಿಯಲ್ಲಿದ್ದರು.

"ಈ ಮೂರು ಟಿವಿಗಳ ಎದೆ ಮೇಲೂ ಎಚ್‌ಡಿಆರ್ ಅನ್ನೋ ಒಂದೇ ಬಿರುದು," ಎಂದಳು ರಾಜಕುಮಾರಿ. "ಬೆಳಕನ್ನ ಬೆಳಕಾಗಿ, ಕತ್ತಲೆಯನ್ನ ಕತ್ತಲೆಯಾಗಿ ತೋರಿಸ್ತೀವಿ ಅಂತ ಮೂವರೂ ಆಣೆ ಇಡ್ತಾರೆ. ಸುಳ್ಳು ಹೇಳದವನು ಯಾರು?"

ಸರಕಿನ ಸಾಹುಕಾರನ ಮಗ ಮೀಸೆ ತಿರುವಿದ. "ದೊಡ್ಡವನೇ. ದೊಡ್ಡವರು ಸುಳ್ಳು ಹೇಳ್ತಾರಾ?" ಅವನನ್ನು ಎಳೆದುಕೊಂಡು ಹೋದರು.

ಮಂತ್ರಿಯ ಮಗ ಕಣ್ಣುಮುಚ್ಚಿ ಕೊನೆಯದನ್ನು ತೋರಿಸಿದ. ಕುರುಡನ ಕಲ್ಲಿಗೆ ಹಣ್ಣು ಬಿದ್ದಂತೆ ಅದು ಸರಿಯಾಯಿತು.

"ನಾನು ಗುಂಡಿ ಒತ್ತಿದಾಗ ಪರದೆಯೊಳಗಿನ ವೀರವನಿತೆ ಕತ್ತಿ ಎತ್ತಬೇಕು. ಒತ್ತಿ, ಒಂದು ಕಣ್ಣರೆಪ್ಪೆ ಬಡಿದ ಮೇಲೆ ಎತ್ತುತ್ತಾಳೆ. ಅಷ್ಟು ಹೊತ್ತು ಏನು ಮಾಡ್ತಿರ್ತಾಳೆ?" ಎಂದು ರಾಜಕುಮಾರಿ ಎರಡನೇ ಒಗಟು ಕೇಳಿದಳು.

"ತಮಗೆ ನಮಸ್ಕಾರ ಮಾಡ್ತಿರ್ತಾಳೆ, ರಾಜಕುಮಾರಿ," ಎಂದ ಮಂತ್ರಿಯ ಮಗ. ಹೊಗಳಿಕೆಯಿಂದ ಅಪ್ಪನಿಗೆ ಪದವಿ ಸಿಕ್ಕಿತ್ತು, ಮಗನಿಗೆ ಸೆರೆಮನೆ ಸಿಕ್ಕಿತು.

ಮಾಳಿಂಗನ ಸರದಿ ಬಂತು. ಮಂತ್ರಿಯ ಮಗ ತೋರಿಸಿದ್ದು ಸರಿ ಎಂದು ಎಲ್ಲರಿಗೂ ಗೊತ್ತಾಗಿತ್ತು. ಆದರೆ ರಾಜಕುಮಾರಿ ಈ ಸಲ ಕಾರಣವನ್ನೂ ಕೇಳಿದಳು. ಅವನು ಕಿಟಕಿ ಪರದೆ ಇಳಿಸಿ, ಗವಿಯೊಳಗೆ ಒಂದೇ ಲಾಂದ್ರ ಉರಿಯುವ ಆಟವನ್ನು ಮೂರರಲ್ಲೂ ಹಾಕಿದ. ದೊಡ್ಡದರಲ್ಲಿ ದೀಪ ಹತ್ತಿದ ಕೂಡಲೇ ಗವಿಯೆಲ್ಲ ಬೂದಿಯ ಬಣ್ಣವಾಯಿತು. ನಡುವಿನದರಲ್ಲಿ ಗವಿ ಕಪ್ಪಗಿತ್ತು, ಆದರೆ ದೀಪಕ್ಕೂ ಮಂಕು ಕವಿದಿತ್ತು. ಕೊನೆಯದರಲ್ಲಿ ದೀಪ ಕಣ್ಣು ಕುಕ್ಕಿತು, ಅದರ ಮಗ್ಗುಲಲ್ಲೇ ಗವಿ ಕಾಡಿಗೆಯಂತೆ ಕಪ್ಪಗೆ ಉಳಿಯಿತು.

"ಇದೊಂದೇ ನಿಜ, ದೊರೆಸಾನಿ. ಉಳಿದೆರಡರ ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ."

ಎರಡನೆಯದಕ್ಕೆ ಅವನು ಯೋಚಿಸಲೇ ಇಲ್ಲ. "ಆಯಮ್ಮ ಸಿಂಗಾರ ಮಾಡ್ಕೊತಿರ್ತಾಳೆ. ಟಿವಿ ಪ್ರತಿ ಚಿತ್ರಕ್ಕೂ ಬಣ್ಣ ತೀಡಿ, ನಯ ಮಾಡಿ ಆಮೇಲೆ ಹೊರಗೆ ಕಳಿಸುತ್ತೆ. ಸಿನಿಮಾಕ್ಕೆ ಅದು ಸರಿ. ಯುದ್ಧಕ್ಕೆ ಹೊರಟವಳಿಗೆ ಕನ್ನಡಿ ಯಾಕೆ?" ಎಂದು ಆ ಸಿಂಗಾರ ಬಿಡಿಸುವ ಗೇಮ್ ಮೋಡ್ ಹಾಕಿದ. ರಾಜಕುಮಾರಿ ಒತ್ತಿದಳು. ಬೆರಳಿನ ಜೊತೆಗೇ ಕತ್ತಿ ಎದ್ದಿತು.

ಸಭೆ ತಲೆದೂಗಿತು. ರಾಜಕುಮಾರಿ ಮಾತ್ರ ನಗಲಿಲ್ಲ. ಮೂರನೆಯದನ್ನು ತಗ್ಗಿದ ದನಿಯಲ್ಲಿ ಕೇಳಿದಳು. "ಆರು ವರ್ಷದಿಂದ ದಿನಾ ಗೆಲ್ತಿದ್ದೀನಿ. ಒಂದು ದಿನವೂ ಗೆದ್ದಿಲ್ಲ. ಯಾಕೆ?"

ಸಿಂಹಾಸನದಲ್ಲಿ ರಾಜ ನೆಟ್ಟಗೆ ಕೂತ.

ಮಾಳಿಂಗ ಎರಡೂ ಕಂಟ್ರೋಲರ್ ಕೈಗೆ ತೆಗೆದುಕೊಂಡ. ಅವಳದರಲ್ಲಿ ಗುಂಡಿಗಳ ಗುರುತೆಲ್ಲ ಅಳಿಸಿತ್ತು. ಎರಡನೆಯದರಲ್ಲಿ ಓಡಿಸುವ ಕಡ್ಡಿ ಮಾತ್ರ ಸವೆದು ನುಣುಪಾಗಿತ್ತು. ಹೊಡೆಯುವ ಗುಂಡಿ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಮಿರುಗುತ್ತಿತ್ತು. ಅವನಿಗೆ ತನ್ನ ಮನೆಯಲ್ಲಿದ್ದ ಎರಡನೇ ತಟ್ಟೆ ನೆನಪಾಯಿತು. ಅದರಲ್ಲೂ ಒಂದು ಗೀರಿರಲಿಲ್ಲ, ಉಣ್ಣುವವರು ಯಾರೂ ಬಂದಿರಲಿಲ್ಲ.

ಉತ್ತರ ಹೊಳೆಯಿತು, ಜೊತೆಗೆ ಹೆದರಿಕೆಯೂ ಹುಟ್ಟಿತು. ರಾಜನ ಮಗಳ ಎದುರು ಊರಿಗೆ ಊರೇ ಕೈ ಎತ್ತದಿದ್ದರೆ ಅದು ಯಾರ ಭಯ? ಹೇಳದಿದ್ದರೆ ಒಗಟು ಸೋತು ತಲೆ ಹೋಗುತ್ತದೆ, ಹೇಳಿದರೆ ರಾಜನ ಸಿಟ್ಟಿಗೆ ಹೋಗುತ್ತದೆ. ಆದರೂ ಆ ಹುಡುಗಿಯನ್ನು ಇನ್ನೊಂದು ದಿನ ಹಾಗೇ ಬಿಟ್ಟು ಹೋಗಲು ಅವನ ಮನಸ್ಸು ಒಪ್ಪಲಿಲ್ಲ.

"ನಿಮ್ಮ ಪಕ್ಕ ಕೂತವರು ಯಾರೂ ಆಡಿಲ್ಲ, ದೊರೆಸಾನಿ. ಬರೀ ಓಡಿದ್ದಾರೆ. ಈ ಗುಂಡಿ ನೋಡಿ. ಆರು ವರ್ಷ ನೀವು ಒಬ್ಬರೇ ಆಡಿದ್ದೀರಿ."

ಇದಕ್ಕೆ ರಾಜನೇ ಮಾತಾಡಿದ. "ಅಪ್ಪಣೆ ನಂದೇ ಮಗಳೇ. ಆರು ವರ್ಷದ ಹಿಂದೆ ನಿಮ್ಮಮ್ಮ ತೀರಿಕೊಂಡಾಗ ನಿನ್ನ ಅಳು ನನಗೆ ನೋಡಕ್ಕಾಗಲಿಲ್ಲ. ನಿನ್ನ ಕಣ್ಣಲ್ಲಿ ನೀರು ತರಿಸಿದವರ ತಲೆ ತೆಗೀತೀನಿ ಅಂದೆ."

"ಅನುಮಾನ ಇತ್ತು ಅಪ್ಪಾಜಿ," ಎಂದಳು ಬಾಚಲೆ. "ಹೇಳೋರು ಒಬ್ಬರಾದರೂ ಬರಲಿ ಅಂತ ಕಾಯ್ತಿದ್ದೆ."

ರಾಜ ತಲೆ ತಗ್ಗಿಸಿ, ಹಳೆಯ ಅಪ್ಪಣೆ ರದ್ದು ಮಾಡಿದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ. ಮಾಳಿಂಗನಿಗೆ, "ಅರ್ಧ ರಾಜ್ಯ ಬೇಕಾದರೂ ಕೇಳು," ಎಂದ.

"ಮೊದಲು ಕೆಲಸ ಮುಗಿಸ್ತೀನಿ, ಮಹಾಸ್ವಾಮಿ." ಆರಿಸಿದ ಟಿವಿಯನ್ನು ಗೋಡೆಗೆ ಕೂರಿಸಿದ. ಅದರ ಹಿಂದೆ ಕೇಬಲ್ ಸಿಕ್ಕಿಸುವ ನಾಲ್ಕು ಕಿಂಡಿಗಳಿದ್ದವು. ಕನ್ಸೋಲ್ ಕಳಿಸುವುದನ್ನೆಲ್ಲ ಪೂರ್ತಿ ಹೊರುವ ಒಂದನ್ನು ಹುಡುಕಿ ಕೇಬಲ್ ಸಿಕ್ಕಿಸಿದ. ಪರದೆಯ ಮೇಲೆ ಬೆಳಕು ಅಳೆಯುವ ಸೂರ್ಯನ ಗುರುತು ಬಂತು. ಬೆಳಕು ಏರಿಸುತ್ತ ಹೋಗಿ, ಗುರುತು ಕರಗಿ ಕಾಣದಾದ ಗಳಿಗೆಗೆ ಸರಿಯಾಗಿ ಕೈ ತೆಗೆದ. ಆಮೇಲೆ ಸುಣ್ಣ ಗುಡಿಸಿ, ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೊರಟ. ಹತ್ತು ವರ್ಷದ ಅಭ್ಯಾಸ.

"ಏನೂ ಕೇಳಲೇ ಇಲ್ವಲ್ಲಪ್ಪ," ಎಂದ ರಾಜ.

ಮಾಳಿಂಗ ಹೊಸ್ತಿಲಲ್ಲಿ ನಿಂತ. ಕೇಳಲು ನಾಚಿಕೆಯಾಯಿತು. "ನಾನೂ ಒಂದು ಗಳಿಗೆ ಕೂತು ನೋಡಬಹುದಾ?"

ರಾಜಕುಮಾರಿ ಸರಿದು ಜಾಗ ಬಿಟ್ಟಳು. "ಕೂತ್ಕೋ," ಎಂದು ಎರಡನೇ ಕಂಟ್ರೋಲರ್ ಅವನ ಕೈಗಿಟ್ಟಳು. "ಓಡಬಾರದು ಮತ್ತೆ."

ಮಾಳಿಂಗನಿಗೆ ಆಟ ಬರುತ್ತಿರಲಿಲ್ಲ. ಗೊತ್ತಿದ್ದದ್ದು ಆ ಹೊಸ ಗುಂಡಿ ಒಂದೇ, ಅದನ್ನೇ ಒತ್ತಿದ. ಬಾಚಲೆಗೋ ಏಟು ತಡೆಯುವುದು ಹೇಗೆಂದೇ ಗೊತ್ತಿರಲಿಲ್ಲ, ಆರು ವರ್ಷದಲ್ಲಿ ಯಾರೂ ಹೊಡೆದಿರಲಿಲ್ಲವಲ್ಲ. ನಾಲ್ಕೇ ಏಟಿಗೆ ಅವಳ ವೀರವನಿತೆ ನೆಲಕ್ಕುರುಳಿದಳು.

ರಾಜಕುಮಾರಿಯ ಕಣ್ಣು ತುಂಬಿಕೊಂಡಿತು. ರಾಜ ಸಿಂಹಾಸನದಿಂದ ಅರ್ಧ ಎದ್ದ. ಬಾಗಿಲಲ್ಲಿದ್ದ ಕಾವಲಿನವನ ಕೈ ಕತ್ತಿಯ ಮೇಲೆ ಹೋಯಿತು. ಮಾಳಿಂಗ ಕಂಟ್ರೋಲರ್ ಕೆಳಗಿಡಲು ಹೋದ.

"ಇಡಬೇಡ," ಎಂದಳು ಅವಳು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಇನ್ನೊಂದು ಆಟ."

ರಾಜ ಮೆಲ್ಲಗೆ ಮತ್ತೆ ಕೂತುಕೊಂಡ.