ಮುಚ್ಚಳದ ಗುಡ್ಡ, ಕಡಲಿನ ಗೆರೆ

ಕಾಳಿ ನದಿ ಕಡಲು ಸೇರುವ ಕಡೆ ಒಂದು ದೋಣಿ ಲಂಗರು ಹಾಕಿ ನಿಂತಿತ್ತು. ಅದರಲ್ಲಿ ಭೌತವಿಜ್ಞಾನಿ ಅಹಲ್ಯಾ ನಾಡಕರ್ಣಿ ಇದ್ದರು. ಜೊತೆಗೆ ಗದಗಿನಿಂದ ಬಂದ ಶಿಷ್ಯ ಸಿದ್ಧಲಿಂಗ.

ಅಹಲ್ಯಾ ಮೇಡಂ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ: ಹಸಿರು ಲೇಸರ್ ಬೆಳಕನ್ನು ನೀರಿಗೆ ಬಿಡುವುದು. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿರುತ್ತವೆ. ಮೀನಿನ ಬದುಕು ಕೊನೆಗೆ ನಿಂತಿರುವುದು ಅವುಗಳ ಮೇಲೆಯೇ. ಹಸಿರು ಬೆಳಕು ತಾಗಿದರೆ ಅವು ತುಸುವೇ ತುಸು ಕೆಂಪು ಬೆಳಕನ್ನು ಹೊರಬಿಡುತ್ತವೆ. ಆ ಕೆಂಪನ್ನು ಅಳೆದರೆ ಸಸ್ಯಗಳೆಷ್ಟು ಎಂದು ತಿಳಿಯುತ್ತದೆ.

ಮರುದಿನ ದೋಣಿ ಕೊಟ್ಟ ಸಮಿತಿಯ ಅಧ್ಯಕ್ಷರು ಬರುವವರಿದ್ದರು. ಫಲಿತಾಂಶ ಹಿಡಿಸದಿದ್ದರೆ ದೋಣಿ ವಾಪಸ್ ಎಂದಿದ್ದರು. ದೋಣಿ ಹೋದರೆ ಕೆಲಸವೂ ಹೋದಂತೆಯೇ. ಸಿದ್ಧಲಿಂಗ ಬೆಳಕು ಅಳೆಯುವ ಯಂತ್ರದ ಪರದೆಯ ಮುಂದೆ ಕೂತ.

ಸ್ವಲ್ಪ ಹೊತ್ತಿಗೆ ಅವನು ಕೂಗಿದ. "ಮೇಡಂ, ಪರದೆ ನೋಡ್ರಿ! ಗೆರಿ ಗುಡ್ಡದಂಗ ಎದ್ದೈತಿ!"

"ಕೆಂಪು ಗಾಜು ಎಲ್ಲಿ?"

ಯಂತ್ರದ ಕಣ್ಣಿನ ಮುಂದೆ ಕೆಂಪು ಗಾಜು ಇರಬೇಕು. ಅದು ಹಸಿರನ್ನು ತಡೆದು ಕೆಂಪನ್ನು ಮಾತ್ರ ಒಳಗೆ ಬಿಡುತ್ತದೆ.

"ತಗದೀನ್ರಿ. ಅದಿದ್ರ ಬರೇ ಒಂದು ಗೀರಷ್ಟ ಬರತೈತ್ರಿ."

ಮೇಡಂ ಬೈಯಲಿಲ್ಲ. ಇಬ್ಬರೂ ಲೇಸರಿನಿಂದ ಕಣ್ಣು ಕಾಯುವ ಕನ್ನಡಕ ಹಾಕಿಕೊಂಡರು. ಮೇಡಂ ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು ಬೆಳಕಿಗೆ ಅಡ್ಡ ಹಿಡಿದರು. ಗುಡ್ಡ ಇನ್ನೂ ಎತ್ತರವಾಯಿತು.

"ನೋಡಪ್ಪ, ಕಡಲಿಗಿಂತ ನನ್ನ ಡಬ್ಬಿಯಲ್ಲೇ ಜಾಸ್ತಿ ಬೆಳೆ ಬಂದಿದೆ."

ಸಿದ್ಧಲಿಂಗ ತಲೆ ತಗ್ಗಿಸಿದ.

"ನೀನು ಕಳಿಸಿದ ಹಸಿರೇ ನಿನಗೆ ವಾಪಸ್ ಬಂದಿದೆ. ಕಡಲು ಇನ್ನೂ ಬಾಯಿ ಬಿಟ್ಟಿಲ್ಲ."

ಅವನು ಗಾಜನ್ನು ಮತ್ತೆ ಕೂರಿಸಿದ. ಮುಚ್ಚಳದ ಗುಡ್ಡ ಮಾಯವಾಯಿತು. ಮೇಡಂ ಮುಚ್ಚಳ ಸರಿಸಿದರು. ಆಗ ನೀರಿನಿಂದ ಒಂದು ಸಣ್ಣ ಗೆರೆ ಎದ್ದಿತು.

ಮರುದಿನ ಅಧ್ಯಕ್ಷರು ಅದನ್ನು ನೋಡಿ ನಕ್ಕರು. "ಇಷ್ಟೇನಾ? ಇದನ್ನ ಯಾರಿಗೆ ತೋರಿಸಲಿ? ಸ್ವಲ್ಪ ದೊಡ್ಡದು ಮಾಡೋಕಾಗಲ್ವೇನ್ರೀ?"

ಮೇಡಂ ಶಿಷ್ಯನ ಕಡೆ ನೋಡಿದರು.

"ಆಗತೈತ್ರಿ ಸಾಹೇಬ್ರ," ಎಂದ ಸಿದ್ಧಲಿಂಗ. "ಡಬ್ಬಿ ಮುಚ್ಚಳ ಅಡ್ಡ ಹಿಡೀಬೇಕಾಗತೈತಿ."

"ಏನಂದೆ?"

"ಕಡಲು ಕೊಟ್ಟಿದ್ದು ಇಷ್ಟರೀ. ನಾವು ತೋರಸೂದೂ ಇಷ್ಟ."

ಸಂಜೆಯೊಳಗೆ ದೋಣಿ ಹೋಯಿತು. ಯಂತ್ರದ ಪೆಟ್ಟಿಗೆ ದಂಡೆಯ ಮರಳಿನ ಮೇಲೆ ಉಳಿಯಿತು.

"ನನ್ನ ಬಾಯಿಂದನ ದೋಣಿ ಹೋತಲ್ರಿ ಮೇಡಂ. ಇನ್ನೇನು ಮಾಡೂದ್ರಿ?"

ಅಹಲ್ಯಾ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನದಿಯ ಮೇಲಿನ ಸೇತುವೆಯತ್ತ ಒಮ್ಮೆ ನೋಡಿದರು. ಬಗ್ಗಿ ಪೆಟ್ಟಿಗೆಯ ಒಂದು ಹಿಡಿಕೆಗೆ ಕೈ ಹಾಕಿದರು.

"ಸೇತುವೆ ಮೇಲಿಂದ ಬಿಟ್ಟರೂ ಬೆಳಕು ನೀರಿಗೇ ಬೀಳುತ್ತೆ. ಆ ಕಡೆ ಹಿಡಿ."