ಸಿಪ್ಪೆಯ ಉಳಿತಾಯ

ಏನನ್ನೂ ಹಾಳು ಮಾಡದ ಗೃಹಿಣಿ ಎಂದು ಬೀದಿಗೆಲ್ಲ ಹೆಸರಾಗಿದ್ದ ವನಜಾಕ್ಷಮ್ಮ ಒಂದು ಬೆಳಿಗ್ಗೆ ಹೀರೇಕಾಯಿ ಹೆರೆದರು. ತಿರುಳನ್ನು ಪಲ್ಯಕ್ಕೆ ಹೆಚ್ಚಿದರು. ಸಿಪ್ಪೆಯನ್ನು ಎಂದಿನಂತೆ ಬಾಗಿಲಿಗೆ ಬರುವ ಹಸುವಿಗೆ ಹಾಕದೆ, ಚಟ್ನಿಗೆಂದು ಎತ್ತಿಟ್ಟು, ಹುರಿದು ರುಬ್ಬಿದರು.

ಸಿಪ್ಪೆ ಬೀಗಿತು. "ನೋಡಿದಿರಾ? ಇನ್ನು ಮೇಲೆ ಈ ಮನೆಯ ಉಳಿತಾಯವೆಂದರೆ ನಾನೇ."

"ನಿನ್ನನ್ನು ಹುರಿಯುವಷ್ಟರಲ್ಲಿ ನಾನು ತಳ ಕಂಡೆ," ಎಂದಿತು ಎಣ್ಣೆಯ ಗಿಂಡಿ.

"ನಿನ್ನ ನಾರು ಮರೆಸಲು ನನ್ನ ಒಂದು ಹೋಳು ಪೂರ್ತಿ ಹೋಯಿತು," ಎಂದಿತು ತೆಂಗಿನಕಾಯಿ.

"ನಿನಗೆ ರುಚಿ ಬರಲೆಂದು ನಾನೂ ಹುಣಸೆಯೂ ಒಟ್ಟಿಗೆ ಕರಗಿದೆವು," ಎಂದಿತು ಬೆಲ್ಲ.

ಸಿಪ್ಪೆ ಗಂಭೀರವಾಗಿ ಉತ್ತರಿಸಿತು: "ಅದೆಲ್ಲ ನಿಮ್ಮ ಖರ್ಚು, ಸ್ವಾಮಿ. ನಾನು ಮಾತ್ರ ಬಿಟ್ಟಿ."

ಮಧ್ಯಾಹ್ನ ಚಟ್ನಿಯ ಘಮಕ್ಕೆ ಮನೆಯವರೆಲ್ಲ ಸೋತರು. ಬಿಸಿ ಅನ್ನಕ್ಕೆ ಧಾರಾಳವಾಗಿ ತುಪ್ಪ ಸುರಿದುಕೊಂಡು, ಚಟ್ನಿಯ ಬಟ್ಟಲನ್ನು ಬೆರಳಿನಲ್ಲಿ ಬಳಿದರು. ಪಲ್ಯವನ್ನು ಯಾರೂ ಮುಟ್ಟಲಿಲ್ಲ. ಸಂಜೆ ವನಜಾಕ್ಷಮ್ಮ ಅದನ್ನು ಪಾತ್ರೆ ಸಮೇತ ತಂದು ಹಸುವಿನ ಮುಂದೆ ಸುರಿದರು. ಅಲ್ಲೇ ನಿಂತು ತರಕಾರಿಯವನನ್ನು ಕೂಗಿದರು: "ನಾಳೆ ಎರಡರಷ್ಟು ಹೀರೇಕಾಯಿ ತಾರಪ್ಪ! ಸಿಪ್ಪೆಯಲ್ಲಿ ಎಷ್ಟೊಂದು ಉಳಿತಾಯವಿದೆ ಅಂತ ನನಗೆ ಗೊತ್ತೇ ಇರಲಿಲ್ಲ."

ಹಸು ಬಾಯಿ ಚಪ್ಪರಿಸಿತು.

"ಇವರು ಖರ್ಚು ಮಾಡುತ್ತಿದ್ದ ಕಾಲದಲ್ಲಿ ನನಗೆ ಬರೀ ಸಿಪ್ಪೆ ಬೀಳುತ್ತಿತ್ತು," ಎಂದಿತು. "ಉಳಿತಾಯ ಶುರು ಮಾಡಿದ ದಿನವೇ ತಿರುಳು ಸಿಕ್ಕಿತು. ಪುಣ್ಯಾತ್ಗಿತ್ತಿ, ನೂರು ಕಾಲ ಹೀಗೇ ಉಳಿಸಲಿ!"