ಒಂದೇ ಕಾಲುವೆಯ ಇಬ್ಬರು

ನಂಬದಿದ್ದರೆ ನಿಮ್ಮಿಷ್ಟ: ಪಾದ್ರಿಗಳಾಗುವವರು ಓದುವ ನಮ್ಮ ಗುರುಮಠದಲ್ಲಿ ಲ್ಯಾಟಿನ್ ಕಲಿಸುವ ಇನ್ನಾಸಪ್ಪ ಸ್ವಾಮಿಗಳನ್ನೇ ಒಂದು ಗಳಿಗೆ ಯೋಚನೆಗೆ ಹಚ್ಚಿದ ಪ್ರಶ್ನೆ ಕೇಳಿದವನು ನಾನು, ಹಳ್ಳಿಯಿಂದ ಬಂದ ರಾಯಪ್ಪ.

"ಸ್ವಾಮಿ, ರಿವಾಲಿಸ್ ಅಂದರೆ ಎದುರಾಳಿ. ಬಹುವಚನ ರಿವಾಲೆಸ್. ಅದರ ವಿಭಕ್ತಿಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಆ ಪದ ಹುಟ್ಟಿದ್ದು ರಿವುಸ್ ಎಂಬುದರಿಂದ. ರಿವುಸ್ ಅಂದರೆ ತೊರೆ, ಕಾಲುವೆ. ಒಂದೇ ಕಾಲುವೆಯ ನೀರು ಹಂಚಿಕೊಳ್ಳುವವನು ರಿವಾಲಿಸ್. ಹಂಚಿಕೊಳ್ಳುವವನು ನೆಂಟನಾಗಬೇಕಿತ್ತು, ಎದುರಾಳಿ ಹೇಗಾದ? ಅದೂ ಇರಲಿ, ನನ್ನ ಎದುರಾಳಿ ಚೌರಪ್ಪನನ್ನು ಬೇರೆ ತರಗತಿಗೆ ಕಳಿಸಿಬಿಡಿ. ಒಂದು ಪರೀಕ್ಷೆಯಲ್ಲಿ ನಾನು ಮೊದಲು, ಮುಂದಿನದರಲ್ಲಿ ಅವನು. ಅವನು ಹೋದರೆ ಯಾವಾಗಲೂ ನಾನೇ."

ಸ್ವಾಮಿಗಳು ನಕ್ಕು ಕತೆ ಹೇಳಿದರು.

ಒಂದು ಕಾಲುವೆಯ ಮಗ್ಗುಲಲ್ಲಿ, ಮೇಲೊಂದು ಕೆಳಗೊಂದು, ಇಬ್ಬರು ರೈತರ ಗದ್ದೆಗಳಿದ್ದವು. ನೀರಿನ ಸರದಿಗಾಗಿ ಇಬ್ಬರೂ ದಿನಾ ಜಗಳವಾಡುತ್ತಿದ್ದರು. ವರ್ಷಕ್ಕೊಮ್ಮೆ ಹೂಳು ಎತ್ತುವಾಗ ಮಾತ್ರ ಜಗಳಕ್ಕೆ ಪುರುಸೊತ್ತಿರಲಿಲ್ಲ. ಅವನಿಗಿಂತ ಮೊದಲು ನನ್ನ ಪಾಲು ಮುಗಿಯಬೇಕೆಂದು ಇಬ್ಬರೂ ಹಟ ಹಿಡಿದು ಅಗೆಯುತ್ತಿದ್ದರು. ಕಾಲುವೆಯಲ್ಲಿ ಹುಲ್ಲುಕಡ್ಡಿಯೂ ಉಳಿಯುತ್ತಿರಲಿಲ್ಲ.

ಕೆಳಗದ್ದೆಯವನಿಗೆ ಜಗಳ ಸಾಕಾಯಿತು. ಬಾವಿ ತೋಡಿಸಿಕೊಂಡು ಕಾಲುವೆಯ ಗೊಡವೆ ಬಿಟ್ಟ. ಮೇಲುಗದ್ದೆಯವನು ಊರಿಗೆಲ್ಲ ಬೆಲ್ಲ ಹಂಚಿದ.

ಹೂಳು ಎತ್ತುವ ಕಾಲ ಬಂತು. ನಾಳೆ ಎತ್ತೋಣ ಎಂದುಕೊಂಡ. ಕೆಳಗಡೆ ಗುದ್ದಲಿಯ ಸದ್ದೇ ಇಲ್ಲ, ಅವಸರವೇನು? ಹೀಗೆ ಆ ವರ್ಷ ಕಳೆಯಿತು, ಮುಂದಿನದೂ ಕಳೆಯಿತು. ಕಾಲುವೆಯಲ್ಲಿ ಜೊಂಡು ಬೆಳೆದು ನೀರು ಬರುವುದೇ ನಿಂತಿತು.

ಮೇಲುಗದ್ದೆಯವನು ಕೆಳಗದ್ದೆಯವನ ಬಾವಿಯ ಬಳಿಗೆ ಹೋದ.

"ಬಾರಪ್ಪ, ಮೊದಲಿನ ಹಾಗೆ ಜಗಳ ಆಡೋಣ."

"ಯಾಕಪ್ಪ? ಈಗ ನೀರೆಲ್ಲ ನಿನ್ನದೇ ಅಲ್ಲವೇ?"

"ನೀರೆಲ್ಲ ನನ್ನದೇ. ಬರುವುದಿಲ್ಲ, ಅಷ್ಟೇ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಎಂಥ ಮಂಕ, ಸ್ವಾಮಿ! ನಾನಾಗಿದ್ದರೆ ಇಡೀ ಕಾಲುವೆಯನ್ನು ಒಬ್ಬನೇ ಅಗೆದು ಹಾಕುತ್ತಿದ್ದೆ. ಈ ತೋಳು ನೋಡಿ."

ಸ್ವಾಮಿಗಳು ತೋಳು ನೋಡಲಿಲ್ಲ. "ಚೌರಪ್ಪ ಜ್ವರ ಬಂದು ಊರಿಗೆ ಹೋಗಿದ್ದಾಗ ನೀನು ಪುಸ್ತಕ ತೆರೆದಿದ್ದೆಯಾ, ರಾಯಪ್ಪ?" ಎಂದರು.

ನಾನು ತೋಳನ್ನು ಮೆಲ್ಲಗೆ ಕೆಳಗಿಳಿಸಿದೆ.

ಮರುದಿನ ಸ್ವಾಮಿಗಳು ತರಗತಿಯಲ್ಲಿ ನನಗೆ ಚೌರಪ್ಪನ ಪಕ್ಕದ ಜಾಗ ಕೊಟ್ಟರು.